ಇನ್ನಷ್ಟು ಮಾಗಲಿ

ಕಳೆದ ವರ್ಷ ದಸರೆಯ ಹೊತ್ತಿಗೆ ನಮ್ಮ ಪತ್ರಿಕೆಗೆ ಒಂದು ಲೇಖನ ಬಂತು. ಬರೆದಾಕೆ ರಾಯಚೂರು ಕಡೆಯವಳು, ಇಲ್ಲಿ ಗಚ್ಚಿಬೌಲಿಯಲ್ಲಿ ಕೆಲಸ. ಹುಡುಗಿಯ ಬೆನ್ನು ಬೀಳುವುದನ್ನೇ ಪ್ರೀತಿ ಎಂದು ತೋರಿಸುತ್ತ ಬಂದ ಒಬ್ಬ ದೊಡ್ಡ ನಟನ ಸಿನಿಮಾಗಳ ಬಗ್ಗೆ ಬರೆದಿದ್ದಳು. ನಟನ ಹೆಸರಿತ್ತು, ಒಂದೊಂದು ದೃಶ್ಯದ ವಿವರವಿತ್ತು, ಹದಿನಾರರ ವಯಸ್ಸಿನಲ್ಲಿ ಅದೇ ದೃಶ್ಯಕ್ಕೆ ತಾನೂ ಶಿಳ್ಳೆ ಹೊಡೆದಿದ್ದೆ ಎಂಬ ತಪ್ಪೊಪ್ಪಿಗೆಯೂ ಇತ್ತು. ಓದಿ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಉತ್ತರ ಬರೆದೆ: ‘ವಿಷಯ ಚೆನ್ನಾಗಿದೆ, ಬರಹ ಇನ್ನಷ್ಟು ಮಾಗಲಿ.’

ಅದು ಸುಳ್ಳು. ಬರಹ ಮಾಗಿಯೇ ಇತ್ತು. ನನಗೆ ಹೆದರಿಕೆಯಾಗಿತ್ತು.

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಆದರೆ 2017ರ ಆಗಸ್ಟ್ ನೆನಪಿತ್ತು. ‘ದಿ ನ್ಯೂಸ್ ಮಿನಿಟ್’ ಸಂಪಾದಕಿ ಧನ್ಯಾ ರಾಜೇಂದ್ರನ್ ಆಗ ತಾನೇ ಬಂದಿದ್ದ ಶಾರುಖ್ ಖಾನ್ ಸಿನಿಮಾ ಒಂದನ್ನು ಹಳಿಯುತ್ತ, ನಡುವೆ ವಿಜಯ್ ಅವರ ಹಳೆಯ ‘ಸುರಾ’ವನ್ನೂ ಕೆಣಕಿ ಒಂದು ಟ್ವೀಟ್ ಹಾಕಿದ್ದರು. ಅಷ್ಟಕ್ಕೇ ಅವರ ಮೇಲೆ ಬಿದ್ದ ಟ್ವೀಟುಗಳು ಹತ್ತಾರು ಸಾವಿರ. ಅವುಗಳಲ್ಲಿ ಬಹಳಷ್ಟು ಇಲ್ಲಿ ಬರೆಯಲಾಗದಂಥವು. ಅವರು ಚೆನ್ನೈ ಪೊಲೀಸರಿಗೆ ದೂರು ಕೊಟ್ಟರು, ಹೆಣ್ಣುಮಕ್ಕಳನ್ನು ಗೌರವಿಸಿ ಎಂದು ಕೊನೆಗೆ ವಿಜಯ್ ಕೂಡ ಹೇಳಿಕೆ ಕೊಡಬೇಕಾಯಿತು. ಅಷ್ಟು ಅನುಭವ, ಅಷ್ಟು ಹೆಸರು ಇದ್ದವರಿಗೇ ಹೀಗಾದರೆ, ಮೊದಲ ಲೇಖನ ಬರೆದ ಹುಡುಗಿಯ ಗತಿ? ಹೀಗೆ ನನಗೆ ನಾನೇ ಹೇಳಿಕೊಂಡೆ.

ಯುನೆಸ್ಕೋ ಮತ್ತು ಪತ್ರಕರ್ತರ ಅಂತರರಾಷ್ಟ್ರೀಯ ಕೇಂದ್ರ 2020ರಲ್ಲಿ ಒಂದು ಸಮೀಕ್ಷೆ ನಡೆಸಿದವು. ಉತ್ತರಿಸಿದ ಪತ್ರಕರ್ತೆಯರಲ್ಲಿ 73 ಪ್ರತಿಶತ ಮಂದಿ ಆನ್‌ಲೈನ್ ಹಿಂಸೆ ಕಂಡವರು. ಸಾಮಾಜಿಕ ಜಾಲತಾಣಗಳಲ್ಲಿ ತಮ್ಮ ಮಾತಿಗೆ ತಾವೇ ಕತ್ತರಿ ಹಾಕಿಕೊಳ್ಳುತ್ತೇವೆ ಎಂದವರು 30 ಪ್ರತಿಶತ. ನಾನು ಬರೆದಂಥ ಉತ್ತರ ಈ ಯಾವ ಲೆಕ್ಕದೊಳಗೂ ಬರುವುದಿಲ್ಲ. ಅದು ನೋಡಲು ಸಂಪಾದಕನ ಅಭಿರುಚಿಯಂತಿರುತ್ತದೆ. ತಲೆಬರಹದ ಮೊನೆ ಸ್ವಲ್ಪ ಮೊಂಡಾಗುತ್ತದೆ, ಹೆಸರಿದ್ದಲ್ಲಿ ‘ಖ್ಯಾತ ನಟರೊಬ್ಬರು’ ಬರುತ್ತಾರೆ, ವರದಿ ‘ಮುಂದಿನ ವಾರಕ್ಕೆ’ ಹೋಗಿ ಹಳಸುತ್ತದೆ. ಕೇಳಿದರೆ ಎಲ್ಲದಕ್ಕೂ ಒಂದು ಗೌರವಸ್ಥ ಕಾರಣ ಸಿಗುತ್ತದೆ.

ಇದೇ ಊರಿನ ಹಳೆಯ ಕತೆಯೊಂದನ್ನು ಇಲ್ಲಿ ನೆನೆಯಬೇಕು. ಕಾಚಿಗುಡದಿಂದ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆ ನಡೆಸುತ್ತಿದ್ದ ಶೋಯಬುಲ್ಲಾ ಖಾನ್ ರಜಾಕಾರರ ವಿರುದ್ಧ, ಹೈದರಾಬಾದ್ ಭಾರತಕ್ಕೆ ಸೇರಬೇಕೆಂದು ಬರೆಯುತ್ತಿದ್ದರು. ಅವರು ಅದಕ್ಕೆ ಮೊದಲು ದುಡಿಯುತ್ತಿದ್ದ ‘ರಯ್ಯತ್’ ಪತ್ರಿಕೆಯನ್ನು ನಿಜಾಮ್ ಸರ್ಕಾರ ಮುಚ್ಚಿಸಿತ್ತು. ಬೆದರಿಕೆಗಳು ಬರುತ್ತಲೇ ಇದ್ದವು. 1948ರ ಆಗಸ್ಟ್ 21ರ ರಾತ್ರಿ, ಕೆಲಸ ಮುಗಿಸಿ ಮನೆಗೆ ಹೊರಟಾಗ ಅವರ ಮೇಲೆ ಗುಂಡು ಹಾರಿಸಿದರು, ಕೈ ಕತ್ತರಿಸಿದರು. ಒಂದು ತಿಂಗಳು ಕಳೆಯುವುದರೊಳಗೆ ನಿಜಾಮನ ಆಡಳಿತವೇ ಮುಗಿಯಿತು. ರಜಾಕಾರರ ಹಾವಳಿ ಎಂದರೆ ಬೀದರ್, ಕಲಬುರಗಿ, ರಾಯಚೂರಿನ ಮನೆಗಳಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಆ ಕಾಲ ಇದಕ್ಕಿಂತ ಮೇಲಿತ್ತು ಎಂದು ನಾನು ಹೇಳುತ್ತಿಲ್ಲ, ಒಬ್ಬ ಮನುಷ್ಯನ ಜೀವವೇ ಹೋಗಿದೆ. ಆದರೆ ಪತ್ರಿಕೆ ಮುಚ್ಚಿಸಲು ಆಗ ಒಂದು ಆದೇಶ ಬೇಕಾಯಿತು, ಬೆದರಿಸಿದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ‘ಇಮ್ರೋಜ್’ ಹೆದರಿ ನಿಂತಿದ್ದರೆ ಯಾಕೆ ನಿಂತಿತು ಎಂಬುದೂ ಗೊತ್ತಾಗುತ್ತಿತ್ತು. ಈಗ ಬೆದರಿಸುವವನ ಮುಖ ಕಾಣದು. ಹಿಂದೆ ಸರಿದ ನಮ್ಮ ಮುಖವೂ ಕಾಣುವುದಿಲ್ಲ. ನನಗೆ ಅನುಕೂಲವಾದದ್ದು ಇದೇ.

ಕಾನೂನಿಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಹೋಗಲೇಬೇಕು. ಆದರೆ ಇದೇ ಹೈದರಾಬಾದಿನಲ್ಲಿ 2025ರ ಮಾರ್ಚ್‌ನಲ್ಲಿ, ಮುಖ್ಯಮಂತ್ರಿಯನ್ನು ವ್ಯಕ್ತಿಯೊಬ್ಬ ಬೈದ ವಿಡಿಯೋ ಹಂಚಿದರೆಂದು ಇಬ್ಬರು ಪತ್ರಕರ್ತೆಯರನ್ನು ಬಂಧಿಸಿದ್ದೂ ನೆನಪಿರಲಿ. ನಿಂದನೆ ಎಂಬ ದೂರು ಎರಡೂ ಕಡೆ ಹರಿತವಿರುವ ಕತ್ತಿ.

ಸಂಪಾದಕನ ಪರವಾಗಿಯೂ ವಾದವಿದೆ, ಅದು ಸಣ್ಣದಲ್ಲ. ಗೌರಿ ಲಂಕೇಶ್ ತಮ್ಮ ಪತ್ರಿಕೆಗೆ ತಾವೇ ಸಂಪಾದಕಿ, ತಮ್ಮದೇ ಹೆಸರಿನಲ್ಲಿ ಬರೆಯುತ್ತಿದ್ದರು. ಖರ್ಚಾದದ್ದು ಅವರದೇ ಧೈರ್ಯ, 2017ರ ಸೆಪ್ಟೆಂಬರ್ 5ರಂದು ಅವರದೇ ಜೀವ. ನನ್ನ ಹೆಸರು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಆಕೆಯದು ಮೇಲೆ, ಫೋಟೊ ಸಮೇತ. ಬೈಗುಳ ಹೋಗುವುದು ಆಕೆಯ ಫೋನಿಗೆ, ಆಕೆಯ ಆಫೀಸಿನ ಎಚ್‌ಆರ್‌ಗೆ, ಊರಿನಲ್ಲಿ ಅವಳಮ್ಮ ಇರುವ ವಾಟ್ಸಾಪ್ ಗುಂಪಿಗೆ. ಇನ್ನೊಬ್ಬರ ಧೈರ್ಯವನ್ನು ನಾನು ಖರ್ಚು ಮಾಡಬಹುದೇ? ಮಾಡಬಾರದು ಎಂದೇ ಈಗಲೂ ಅಂದುಕೊಂಡಿದ್ದೇನೆ. ಪ್ರಕಟಿಸದಿದ್ದುದು ತಪ್ಪೋ ಅಲ್ಲವೋ, ಅದನ್ನು ವಾದಿಸಬಹುದು.

ವಾದಿಸಲಾಗದ್ದು ಬೇರೆ ಇದೆ. ಒಂದೂವರೆ ತಿಂಗಳ ಮೇಲೆ ಆಕೆ ಲೇಖನವನ್ನು ‘ಮಾಗಿಸಿ’ ಕಳಿಸಿದಳು. ನಟನ ಹೆಸರಿಲ್ಲ. ಶಿಳ್ಳೆಯ ಸಾಲಿಲ್ಲ. ದೃಶ್ಯಗಳಿದ್ದ ಜಾಗದಲ್ಲಿ ‘ಸಮಾಜದಲ್ಲಿ ಇಂದು’ ಎಂದು ಶುರುವಾಗುವ ಮೂರು ಪ್ಯಾರಾಗಳು. ಕೆಟ್ಟದಾಗಿತ್ತು. ಒಬ್ಬನೇ ಒಬ್ಬ ಅಭಿಮಾನಿಯೂ ಒಂದಕ್ಷರ ಟೈಪ್ ಮಾಡುವ ಮೊದಲೇ ಲೇಖನ ಸತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತನ್ನ ಒಳ್ಳೆಯ ಸಾಲುಗಳೇ ತನ್ನ ದೋಷ ಎಂದು ಆಕೆ ನಂಬಿದ್ದಳು. ಕಲಿಸಿದವನು ನಾನು.

ಆ ಶನಿವಾರ ಫೋನ್ ಮಾಡಿ ನಿಜ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ಅಂಜಿಕಿ ಆಗೈತಿ ಅಂತ ಆವಾಗೇ ಹೇಳಿದ್ರ ಆಗ್ತಿತ್ತಲ್ರೀ ಸರ್. ನನಗ ಬರಿಯಾಕ ಬರಂಗಿಲ್ಲ ಅನ್ಕೊಂಡು ಕುಂತಿದ್ದೆ’ ಎಂದಳು.

ಹಾಕೋಣವೇ, ಹೆಸರು ಬದಲಿಸೋಣವೇ, ಫೋಟೊ ಬಿಡೋಣವೇ, ಅಥವಾ ಬೇಡವೇ ಬೇಡವೇ ಎಂದು ಕೇಳಿದೆ. ಊರಿಗೆ ಹೋಗಿ ಅಮ್ಮನ ಹತ್ತಿರ ಮಾತಾಡಿ ಹೇಳುತ್ತೇನೆ ಎಂದಿದ್ದಾಳೆ. ಮೊದಲ ಪ್ರತಿ ನನ್ನ ಹತ್ತಿರವಿದೆ, ಶಿಳ್ಳೆಯ ಸಾಲು ಸಮೇತ.