ಇಲ್ಲದ ಹೂವು, ಇರುವ ಕೈ

ಹೊರಗೆ ನಿಂತು ನೋಡುವವರಿಗೆ ನಗು ಬಂದರೆ ತಪ್ಪಿಲ್ಲ. ಅರುವತ್ತು ದಾಟಿದ ಹೆಂಗಸೊಬ್ಬರು ದಪ್ಪನೆಯ ಕಪ್ಪು ಪೆಟ್ಟಿಗೆಯೊಂದನ್ನು ಕಣ್ಣಿಗೆ ಬಿಗಿದುಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ. ಎದುರಿಗೆ ಬರೀ ಬಿಳಿ ಗೋಡೆ. ಪಕ್ಕದಲ್ಲಿ ಫಿಸಿಯೋಥೆರಪಿಯ ಹುಡುಗಿ. ಹೆಂಗಸು ಗಾಳಿಗೆ ಕೈ ಚಾಚುತ್ತಾರೆ, ಏನನ್ನೋ ಹಿಡಿಯುತ್ತಾರೆ, ಜೋಪಾನವಾಗಿ ಪಕ್ಕಕ್ಕೆ ತಂದು ಇಡುತ್ತಾರೆ. ಅಲ್ಲಿ ಏನೂ ಇಲ್ಲ. ಇಟ್ಟದ್ದು ಜಾರಿ ಬಿತ್ತೆಂದು "ಅಯ್ಯೋ" ಅನ್ನುತ್ತಾರೆ. ಬಿದ್ದದ್ದೂ ಇಲ್ಲ. ಆದರೆ ಭುಜ ಏರಿದ್ದು ನಿಜ, ಮಡಚಿಕೊಂಡೇ ಇದ್ದ ಮೊಣಕೈ ಬಿಡಿಸಿಕೊಂಡದ್ದು ನಿಜ, ಹಣೆಯ ಬೆವರೂ ನಿಜ. ಕಣ್ಣೆದುರಿನ ಲೋಕ ಪೂರ್ತಿ ಸುಳ್ಳಾಗಿರುವಾಗಲೂ ಮೈ ಮಾಡಿದ ಕೆಲಸ ಒಂದಿಷ್ಟೂ ಸುಳ್ಳಾಗುವುದಿಲ್ಲ. ವರ್ಚುವಲ್ ರಿಯಾಲಿಟಿಯ ಬಗ್ಗೆ ನನಗಿರುವ ಬೆರಗೆಲ್ಲ ಈ ಒಂದು ಸಂಗತಿಯಲ್ಲಿದೆ; ಯಂತ್ರದಲ್ಲಲ್ಲ.

ಮಣಿಪಾಲದ ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡಿದರು. ಅದೇ ಗುಡ್ಡದ ಮೇಲೆ ಇವತ್ತು ಫಿಸಿಯೋಥೆರಪಿ ವಿಭಾಗವೊಂದಿದೆ. ಪಾರ್ಶ್ವವಾಯು ಬಡಿದವರ ಕೈಕಾಲು ಮತ್ತೆ ಹೇಗೆ ಹದಕ್ಕೆ ಬರುತ್ತದೆ ಎಂಬುದನ್ನೇ ಅಭ್ಯಾಸ ಮಾಡುವ ಸಂಶೋಧಕರು ಅಲ್ಲಿದ್ದಾರೆ. ಅವರ ಸಲಕರಣೆಗಳ ಸಾಲಿಗೆ ಈ ಪೆಟ್ಟಿಗೆಯೂ ಬಂದು ಸೇರಿದೆ. ಪೆಟ್ಟಿಗೆಯ ಗುಟ್ಟು ದೊಡ್ಡದೇನಲ್ಲ. ಎರಡು ಕಣ್ಣಿಗೆ ತುಸುವೇ ಬೇರೆಯಾದ ಎರಡು ಚಿತ್ರ. ತಲೆ ಎತ್ತ ತಿರುಗಿದರೆ ಅತ್ತ ಹೊರಳುವ ನೋಟ. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಇಂಥದೊಂದನ್ನು ಮೊದಲು ಮಾಡಿದಾಗ ಅದರ ಭಾರ ತಲೆ ತಡೆಯದೆ ಚಾವಣಿಯಿಂದ ನೇತುಹಾಕಬೇಕಾಯಿತು. ಕಾಣುತ್ತಿದ್ದದ್ದು ಬರೀ ಗೆರೆಯಲ್ಲಿ ಬರೆದ ಆಕೃತಿಗಳು. ಈಗಿನದ್ದು ಒಂದು ಕೈಯಲ್ಲಿ ಹಿಡಿಯುವಷ್ಟು ಹಗುರ. ಆದರೂ ಒಂದು ಕಟ್ಟಳೆ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ: ತಲೆ ತಿರುಗಿದ ಕೂಡಲೇ, ಹೆಚ್ಚೆಂದರೆ ಸೆಕೆಂಡಿನ ಐವತ್ತನೇ ಒಂದು ಪಾಲಿನಲ್ಲಿ, ಚಿತ್ರವೂ ತಿರುಗಬೇಕು. ತಡವಾದರೆ ಹೊಟ್ಟೆ ತೊಳಸುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ಮುಖ ಒಡ್ಡಿ ಕೂತವರಿಗೆ ಈ ಸಂಕಟದ ಪರಿಚಯ ಇದ್ದೇ ಇದೆ. ಕಣ್ಣು ಒಂದು ಹೇಳುತ್ತದೆ, ಒಳಗಿವಿ ಇನ್ನೊಂದು ಹೇಳುತ್ತದೆ. ಜಗಳದ ಶಿಕ್ಷೆ ಹೊಟ್ಟೆಗೆ.

ನಾವು ನೇರ ನಿಲ್ಲುವುದೂ ಇಂಥದೇ ಪಂಚಾಯ್ತಿಕೆಯ ಫಲ. ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳು ಕ್ಷಣಕ್ಷಣಕ್ಕೂ ಕೊಡುವ ಸುದ್ದಿಯನ್ನು ಮೆದುಳು ತೂಗಿ ನೋಡಿ, ಮೈ ವಾಲದ ಹಾಗೆ ಹಿಡಿದಿಡುತ್ತದೆ. ಇದರಲ್ಲಿ ಕಣ್ಣಿನ ದರ್ಬಾರು ಎಷ್ಟೆಂಬುದನ್ನು ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ 1974ರಲ್ಲಿ ತೋರಿಸಿಕೊಟ್ಟರು. ನೆಲಕ್ಕೆ ತಾಗದ ಹಾಗೆ ತೂಗುಬಿಟ್ಟ ಒಂದು ಕೋಣೆ. ಒಳಗೆ, ಗಟ್ಟಿ ನೆಲದ ಮೇಲೆ, ಆಗಷ್ಟೇ ನಿಲ್ಲಲು ಕಲಿತ ಪುಟ್ಟ ಮಗು. ಗೋಡೆಗಳನ್ನು ಸ್ವಲ್ಪವೇ ಮುಂದಕ್ಕೆ ತಳ್ಳಿದರೆ ಮಗು ವಾಲುತ್ತಿತ್ತು, ಎಷ್ಟೋ ಸಲ ದೊಪ್ಪನೆ ಬೀಳುತ್ತಿತ್ತು. ನೆಲ ಕದಲಿರಲಿಲ್ಲ, ಮಗುವನ್ನು ಯಾರೂ ಮುಟ್ಟಿರಲಿಲ್ಲ. ಕಂಡದ್ದನ್ನು ಮೈ ನಂಬಿತು, ಅಷ್ಟೆ.

ಕಣ್ಣು ಬೀಳಿಸಬಲ್ಲುದಾದರೆ ನಿಲ್ಲಿಸಲೂ ಬಲ್ಲುದು. ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬವರಿಗೆ 1971ರಲ್ಲಿ, ಇನ್ನೂ 19ರ ಪ್ರಾಯದಲ್ಲಿ, ಒಂದು ಕಾಯಿಲೆಯಿಂದ ಕತ್ತಿನಿಂದ ಕೆಳಗೆ ಸ್ಪರ್ಶದ ಅರಿವೂ ಕೈಕಾಲು ಎಲ್ಲಿದೆ ಎಂಬ ಅರಿವೂ ಹೋಯಿತು. ಸ್ನಾಯುಗಳಲ್ಲಿ ಬಲ ಹಾಗೆಯೇ ಇತ್ತು. ಆದರೆ ಕೈ ಎಲ್ಲಿದೆಯೆಂದೇ ಗೊತ್ತಿಲ್ಲದವನು ಅದನ್ನು ಎತ್ತುವುದು ಹೇಗೆ? ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ, ಯೋಚಿಸಿ ಯೋಚಿಸಿ ಅವರು ಮತ್ತೆ ನಡೆಯಲು ಕಲಿತರು. ದೀಪ ಆರಿದರೆ ಕುಸಿಯುತ್ತಿದ್ದರು. ನಮಗೆ ಉಚಿತವಾಗಿ ಸಿಕ್ಕಿದ್ದನ್ನು ಆ ಮನುಷ್ಯ ದಿನವೂ ದುಡಿದು ಸಂಪಾದಿಸಬೇಕಾಯಿತು.

ಏನು ಉಚಿತವಾಗಿ ಸಿಕ್ಕಿದೆ ಎಂದು ಕಾಣಬೇಕಿದ್ದರೆ ನಾಳೆ ಬೆಳಗ್ಗೆ ಕಾಫಿ ಲೋಟಕ್ಕೆ ಕೈ ಚಾಚುವಾಗ ಸ್ವಲ್ಪ ಗಮನಿಸಿ. ಕೈ ಲೋಟದ ಹತ್ತಿರ ಹೋದ ಮೇಲೆ ಬೆರಳು ಬಿಡಿಸುವುದಲ್ಲ. ಹೊರಟಾಗಲೇ ಬಿಡಿಸಲು ಶುರುಮಾಡಿರುತ್ತದೆ. ಸುಮಾರು ಮುಕ್ಕಾಲು ದಾರಿ ಸವೆಯುವ ಹೊತ್ತಿಗೆ ಬೆರಳುಗಳ ನಡುವಿನ ಅಂತರ ಲೋಟಕ್ಕಿಂತ ತುಸು ದೊಡ್ಡದಾಗಿ, ಆಮೇಲೆ ಅಳತೆಗೆ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಚಮಚಕ್ಕೆ ಬೇರೆ ಅಳತೆ, ತೆಂಗಿನಕಾಯಿಗೆ ಬೇರೆ. ಯಾರೂ ಹೇಳಿಕೊಟ್ಟದ್ದಲ್ಲ. ಇನ್ನೂ ವಿಚಿತ್ರ ಇದೆ. ನಿಂತಲ್ಲಿಂದ ಥಟ್ಟನೆ ಕೈ ಮುಂದೆತ್ತಿದರೆ ಮೊದಲು ಕೆಲಸ ಶುರುಮಾಡುವುದು ಕೈಯ ಸ್ನಾಯುವಲ್ಲ, ಕಾಲಿನದು. ಕೈ ಎತ್ತಿದರೆ ಮೈ ಮುಂದಕ್ಕೆ ವಾಲುತ್ತದೆ ಎಂದು ಕಾಲಿಗೆ ಮುಂಚೆಯೇ ಸುದ್ದಿ ಹೋಗಿರುತ್ತದೆ. ಚಲನೆಯನ್ನು ಅಭ್ಯಾಸ ಮಾಡುವವರು ಮೈಮೇಲೆ ಅಲ್ಲಲ್ಲಿ ಹೊಳೆಯುವ ಗುಂಡುಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾ ಇಟ್ಟು, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅವುಗಳ ಜಾಗ ಗುರುತಿಸುವುದು ಇಂಥದನ್ನು ಹಿಡಿಯುವುದಕ್ಕೇ. ಪಾರ್ಶ್ವವಾಯು ಬಡಿದಾಗ ಕೆಡುವುದು ಸ್ನಾಯುವಲ್ಲ, ಮೆದುಳಿನ ಅಪ್ಪಣೆ ಮತ್ತು ಈ ಮುಂಗಾಣ್ಕೆ. ಮೆದುಳಿನಲ್ಲಿ ಒಂದು ರಕ್ತನಾಳ ಕಟ್ಟಿಕೊಂಡಿತೋ ಒಡೆಯಿತೋ, ಕೈ ಅಲ್ಲೇ ಇರುತ್ತದೆ, ಮಾತು ಕೇಳುವುದಿಲ್ಲ.

ನಮ್ಮ ಪೈಕಿಯ ದೊಡ್ಡಮ್ಮ ಒಬ್ಬರು ಶಂಕರಪುರದ ಕಡೆಯವರು. ಕಾಪುವಿನಿಂದ ಒಳಗೆ ಹೋದರೆ ಸಿಗುವ ಮಲ್ಲಿಗೆಯ ಊರು. ಬೆಳಗ್ಗೆ ಮೊಗ್ಗು ಕೊಯ್ದು, ನೆನೆಸಿದ ಬಾಳೆನಾರಿನಲ್ಲಿ ಹೂ ಕಟ್ಟುವುದು ಅವರ ಜೀವಮಾನದ ಕೆಲಸ. ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಮೊಗ್ಗುಗಳನ್ನು ತೊಟ್ಟು ಸೇರಿಸಿ ಹಿಡಿಯುವುದು, ಬಲಗೈಯಿಂದ ನಾರು ಸುತ್ತಿ, ಕುಣಿಕೆ ಹಾಕಿ ಎಳೆಯುವುದು. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಕಡಿಮೆಯಾದರೆ ಹೂ ಉದುರುತ್ತದೆ. ಒಂದು ಚೆಂಡಿಗೆ ಸುಮಾರು 800 ಹೂ, ನಾಲ್ಕು ಚೆಂಡು ಒಂದು ಅಟ್ಟೆ. ಅವರು ಕೈಯನ್ನು ನೋಡಿ ಕಟ್ಟಿದ್ದನ್ನು ನಾನು ಕಂಡಿಲ್ಲ. ಜಗಲಿಯಲ್ಲಿ ಕೂತು ಊರಿನ ಸುದ್ದಿ ಹೇಳುತ್ತಲೇ ಅಟ್ಟೆ ಮುಗಿದಿರುತ್ತಿತ್ತು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದ ಮೇಲೆ ನೋಡಲು ಹೋದಾಗ ಅವರು ಅಂದ ಮಾತು ಇದು: "ಕೈ ನನ್ನದೇ ಮಾರಾಯ, ಆದ್ರೆ ಪರವೂರಿನವರ ಹಾಗೆ ಕೂತಿದೆ."

ಇಂಥ ಕೈಗೆ ಬೇಕಾದ ಔಷಧಿ ಒಂದೇ: ಮಾಡಿದ್ದನ್ನೇ ಮತ್ತೆ ಮಾಡುವುದು, ಸಾಲದೆ ಹೋದರೆ ಮತ್ತೂ ಮಾಡುವುದು. ಮೆದುಳಿನಲ್ಲಿ ಸತ್ತ ಭಾಗ ಏಳುವುದಿಲ್ಲ. ಅಕ್ಕಪಕ್ಕದ ಭಾಗ ಹೊಸದಾಗಿ ಕೆಲಸ ಕಲಿಯಬೇಕು, ಅದು ಕಲಿಯುವುದು ಆವರ್ತನೆಯಿಂದ. ಅಮೆರಿಕದ ಕ್ಯಾಥರಿನ್ ಲ್ಯಾಂಗ್ ಮತ್ತು ಸಂಗಡಿಗರು ಚಿಕಿತ್ಸೆಯ ಹೊತ್ತಿನಲ್ಲಿ ನಿಜಕ್ಕೂ ಎಷ್ಟು ಸಲ ಕೈ ಆಡುತ್ತದೆ ಎಂದು ಕೂತು ಎಣಿಸಿದರು. 2009ರಲ್ಲಿ ಪ್ರಕಟವಾದ ಲೆಕ್ಕ: ಉಪಯೋಗದ ಕೆಲಸವೊಂದನ್ನು ಕೈಯಿಂದ ಮಾಡಿಸಿದ್ದು ಒಂದು ಸರದಿಗೆ ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾದದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಜಗಲಿಯಲ್ಲಿ 800 ಹೂವಿನ ಚೆಂಡು ಮುಗಿಸಿ ಇನ್ನೊಂದಕ್ಕೆ ನಾರು ಎತ್ತಿಕೊಳ್ಳುತ್ತಿದ್ದ ಕೈಗೆ 32 ಯಾವ ಮೂಲೆಗೆ?

ಮನೆಯಲ್ಲಿ ಆ ಕೊರತೆ ತುಂಬುತ್ತದೆಯೇ ಎಂದರೆ ಅದೂ ಇಲ್ಲ. ನಮ್ಮ ಮನೆಗಳಲ್ಲಿ ಪ್ರೀತಿಯೇ ಅಡ್ಡ ಬರುತ್ತದೆ. ಸೊಸೆ ಅನ್ನ ಕಲಸಿ ಕೊಡುತ್ತಾಳೆ, ಮಗ ಅಂಗಿಯ ಗುಂಡಿ ಹಾಕಿ ಕೊಡುತ್ತಾನೆ, ಬಂದ ನೆಂಟರೆಲ್ಲ "ನೀವು ಸುಮ್ಮನೆ ಕೂತುಕೊಳ್ಳಿ" ಅನ್ನುತ್ತಾರೆ. ಸರಿ ಇರುವ ಕೈ ಎಲ್ಲ ಕೆಲಸ ವಹಿಸಿಕೊಂಡ ಮೇಲೆ, ಸ್ವಲ್ಪವಾದರೂ ಆಡಬಲ್ಲ ಕೈಯೂ ಆಡುವುದನ್ನು ಬಿಟ್ಟುಬಿಡುತ್ತದೆ. ಇದನ್ನು ಎಡ್ವರ್ಡ್ ಟಾಬ್ ಎಂಬ ಮನಶ್ಶಾಸ್ತ್ರಜ್ಞ ಕಂಡುಕೊಂಡು, ಸರಿ ಇರುವ ಕೈಯನ್ನೇ ಕಟ್ಟಿಹಾಕುವ ಚಿಕಿತ್ಸೆಯನ್ನು ಬೆಳೆಸಿದರು. ಕಠಿಣ ಅನ್ನಿಸುತ್ತದೆ, ಫಲ ಕೊಟ್ಟಿದೆ.

ಪೆಟ್ಟಿಗೆಯ ಉಪಕಾರ ಇಲ್ಲಿ. ಬೇಸರ ಬರದ ಹಾಗೆ ಎಣಿಕೆ ಏರಿಸುತ್ತದೆ. ಗೋಡೆಯಲ್ಲಿ ಬೆರಳು ಹತ್ತಿಸು, ಇಳಿಸು ಎಂದರೆ ಇಪ್ಪತ್ತಕ್ಕೆ ಸಾಕೆನಿಸುವ ಕೈ, ಹಾರಿಬರುವ ಬಣ್ಣದ ಚೆಂಡು ಹಿಡಿ ಎಂದರೆ ಇನ್ನೂರಕ್ಕೂ ಎದ್ದು ನಿಲ್ಲುವುದುಂಟು. ಬಿದ್ದರೆ ಏನೂ ಒಡೆಯುವುದಿಲ್ಲ. ಎಷ್ಟು ಎತ್ತರಕ್ಕೆ ಹೋಯಿತು, ಎಲ್ಲಿ ನಡುಗಿತು ಎಂಬುದೆಲ್ಲ ದಾಖಲಾಗುತ್ತದೆ. ಹಾಗೆಂದು ಇದು ಮಂತ್ರದಂಡವೇನಲ್ಲ. ನಾಲ್ಕು ದೇಶಗಳ 141 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅರ್ಧ ಮಂದಿಗೆ ಪರದೆಯ ಮೇಲೆ ಆಡುವ ವೀ ಎಂಬ ವಿಡಿಯೋ ಆಟ ಕೊಟ್ಟರು. ಉಳಿದವರಿಗೆ ಇಸ್ಪೀಟು, ಚೆಂಡು, ಮರದ ತುಂಡು ಪೇರಿಸುವ ಆಟ. ಕೊನೆಗೆ ಎರಡೂ ಗುಂಪು ಒಂದೇ ಸಮ ಚೇತರಿಸಿಕೊಂಡಿತ್ತು! ಮರುವರ್ಷ 72 ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ವಿಮರ್ಶೆಯೂ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ: ಕೈಯ ಮಟ್ಟಿಗೆ ಮಾಮೂಲಿ ಚಿಕಿತ್ಸೆಯ ಬದಲಿಗೆ ಇದನ್ನು ಕೊಟ್ಟರೆ ಹೆಚ್ಚಿನ ಲಾಭವಿಲ್ಲ, ಅದರ ಜೊತೆಗೆ ಸೇರಿಸಿದರೆ ಲಾಭವಿದೆ. ಈ ಸುದ್ದಿ ಕೇಳಿ ನನಗೆ ನಿರಾಸೆಯಾಗಲಿಲ್ಲ. ಗುಣ ಮಾಡುವುದು ಕೈ ಆಡಿದ್ದೇ ಹೊರತು ಚಿತ್ರವಲ್ಲ ಎಂದು ಅಂಕಿಗಳೂ ಹೇಳಿದ ಹಾಗಾಯಿತು. ಇಸ್ಪೀಟಿನ ಎಲೆ ಎತ್ತಲೂ ಭುಜ, ಮೊಣಕೈ, ಬೆರಳು ಅದೇ ದಾರಿಯಲ್ಲಿ ಹೋಗಬೇಕು.

ಉಡುಪಿಯಲ್ಲಿ ಕೂತು ಇದನ್ನು ಯೋಚಿಸುವಾಗ ಮಧ್ವಾಚಾರ್ಯರು ನೆನಪಾಗದೆ ಇರುವುದು ಕಷ್ಟ. ಹದಿಮೂರನೆಯ ಶತಮಾನದಲ್ಲಿ ಇಲ್ಲೇ ಹತ್ತಿರದ ಪಾಜಕದಲ್ಲಿ ಹುಟ್ಟಿ, ಜಗತ್ತು ಮಾಯೆಯಲ್ಲ, ಸತ್ಯ ಎಂದು ವಾದ ಹೂಡಿದವರು. ಎಲ್ಲ ಹೊಸ ಯಂತ್ರವೂ ನಮ್ಮ ಹಿರಿಯರಲ್ಲಿ ಮೊದಲೇ ಇತ್ತೆನ್ನುವ ಗುಂಪಿಗೆ ನಾನು ಸೇರಿದವನಲ್ಲ. ಅವರಿಗೆ ಈ ಪೆಟ್ಟಿಗೆಯ ಗೊಡವೆ ಇರಲಿಲ್ಲ. ಆದರೆ ಕನಸಿನ ಬಗ್ಗೆ ಅವರು ಹೇಳಿದ್ದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಕನಸನ್ನು ಸಹ ಅವರು ಬರೀ ಸುಳ್ಳೆಂದು ತಳ್ಳುವುದಿಲ್ಲ. ಮನಸ್ಸಿನಲ್ಲಿ ಉಳಿದ ವಾಸನೆಗಳಿಂದ ಆದ ಸೃಷ್ಟಿ ಅದು, ಕಂಡದ್ದು ನಿಜವೇ. ಅದನ್ನು ಎಚ್ಚರದ ವಸ್ತುವೆಂದು ತಿಳಿಯುವುದಷ್ಟೇ ಭ್ರಮೆ. ಪೆಟ್ಟಿಗೆ ಕಟ್ಟಿಕೊಂಡ ಹೆಂಗಸಿಗೂ ಅದರೊಳಗೆ ಕಾಣುವ ಹಣ್ಣು ತಿನ್ನುವ ಹಣ್ಣಲ್ಲವೆಂದು ಗೊತ್ತು. ಗೊತ್ತಿದ್ದೂ ಕೈ ಹೋಗುತ್ತದೆ, ಬೆರಳು ಹಣ್ಣಿನ ಅಳತೆಗೇ ತೆರೆಯುತ್ತದೆ. ಬುದ್ಧಿ ಒಪ್ಪದ್ದನ್ನು ಕೈ ಒಪ್ಪಿರುತ್ತದೆ! ನಮ್ಮೊಳಗೆ ನಂಬುವವರು ಒಬ್ಬರಲ್ಲ ಎಂದಾಯಿತು.

ಈಗ ಒಂದು ತಕರಾರು. ಪೇಟೆಯಲ್ಲಿ ಸಿಗುವ ಆಟಗಳಲ್ಲಿ ಏನಿದೆ? ಬೌಲಿಂಗ್, ಬಾಕ್ಸಿಂಗ್, ಹಿಮದಲ್ಲಿ ಜಾರುವುದು. ಕಾರ್ಕಳದ ಬೀಡಿ ಕಟ್ಟುವ ಅಕ್ಕನಿಗೂ ಕಾಪುವಿನ ಮೀನುಗಾರನಿಗೂ ಹಿಮದ ಸಹವಾಸ ಏಕೆ ಬೇಕು? ಅವರು ಮರಳಿ ಹೋಗಬೇಕಾದ ಲೋಕ ಬೇರೆಯೇ ಇದೆ. ಮಳೆಗಾಲದ ತೋಡು, ಅದರ ಮೇಲೆ ಅಡಕೆಮರದ ಕಾಲುಸಂಕ. ಒಂದು ಹೆಜ್ಜೆ ತಪ್ಪಿದರೆ ಕೆಳಗೆ ನೀರು. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದ ಮರಳು; ಅಲ್ಲಿ ಪಾದ ಎರಡು ಸಲ ಒಂದೇ ರೀತಿ ಊರುವುದಿಲ್ಲ. ಕಾರ್ಕಳದ ಬೆಟ್ಟದಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲು. ಹತ್ತಿದರೆ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ. ಆಸ್ಪತ್ರೆಯ ಸಪಾಟು ನೆಲದಲ್ಲಿ ನಡೆದು ತೋರಿಸಿದವರು ಮನೆಯ ಅಂಗಳದ ಪಾಚಿಯಲ್ಲಿ ತಡವರಿಸುವುದನ್ನು ಎಲ್ಲರೂ ಕಂಡಿದ್ದೇವೆ. ಗಟ್ಟಿ ನೆಲದ ಮೇಲೆಯೇ ಕಾಲುಸಂಕ ದಾಟಿಸಿ, ಬಿದ್ದರೂ ಪೆಟ್ಟಾಗದ ಹಾಗೆ ಹೆದರಿಕೆಯನ್ನು ಪಳಗಿಸುವುದು ಈ ಪೆಟ್ಟಿಗೆಗೆ ಸಾಧ್ಯ.

ಮಣಿಪಾಲದಲ್ಲೂ ಕಾರ್ಕಳ ತಾಲೂಕಿನ ನಿಟ್ಟೆಯಲ್ಲೂ ಇಂಜಿನಿಯರಿಂಗ್ ಓದುವ ಮಕ್ಕಳು ಸಾವಿರಗಟ್ಟಲೆ ಇದ್ದಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರಲ್ಲಿ ನನ್ನದೊಂದು ಬೇಡಿಕೆ. ಫಿಸಿಯೋಥೆರಪಿಯವರ ಜೊತೆ ಒಂದು ವಾರ ಕೂತು, ರೋಗಿಗಳನ್ನು ಕೇಳಿ, ನಮ್ಮ ಕಡೆಯ ಬಾವಿಕಟ್ಟೆ ಕಟ್ಟಿಕೊಡಿ: ರಾಟೆಯಲ್ಲಿ ಹಗ್ಗ ಎಳೆಯಲಿ, ಕೊಡಪಾನ ಮೇಲೆ ಬರಲಿ. ಹೂ ಕಟ್ಟುವುದನ್ನೂ ಸೇರಿಸಿ. ತೊಟ್ಟು ತುಂಡಾಗದ ಬಿಗಿ ಎಷ್ಟೆಂದು ಶಂಕರಪುರದ ಯಾವ ಜಗಲಿಯಲ್ಲಿ ಕೇಳಿದರೂ ಹೇಳಿಯಾರು. ಎಣಿಸುವ ಧ್ವನಿ ಇಂಗ್ಲಿಷಿನಲ್ಲಿ ಬೇಡ. ಕನ್ನಡ ಇರಲಿ, ತುಳುವೂ ಇರಲಿ: ಒಂಜಿ, ರಡ್ಡ್, ಮೂಜಿ. 32ಕ್ಕೆ ನಿಲ್ಲಿಸಬೇಡಿ.