ಯಂತ್ರ ಕೊಟ್ಟರೆ ಸಾಕೆ?

ಶಾಲೆಗೆ ಕಂಪ್ಯೂಟರ್ ಬಂದರೆ ಮಕ್ಕಳ ವಿದ್ಯೆಯ ಮಟ್ಟ ತಾನಾಗಿಯೇ ಏರುತ್ತದೆಂದು ನಂಬುವವರು ಅನೇಕರು. ಎಷ್ಟೋ ಹೆತ್ತವರು ಸಾಲ ಮಾಡಿಯಾದರೂ 'ಸ್ಮಾರ್ಟ್ ಕ್ಲಾಸ್' ಇರುವ ಶಾಲೆಯನ್ನೇ ಹುಡುಕುತ್ತಾರೆ. ಈ ನಂಬಿಕೆ ಎಷ್ಟು ಸರಿ?

ದಕ್ಷಿಣ ಅಮೆರಿಕದ ಪೆರು ದೇಶವು 2008ರಿಂದ ಬಡ ಹಳ್ಳಿಗಳ ಶಾಲಾಮಕ್ಕಳಿಗೆ ಲ್ಯಾಪ್‌ಟಾಪ್ ಕೊಡತೊಡಗಿತು. ಕೆಲವೇ ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಹಂಚಿತು. ಒಂದೊಂದರಲ್ಲೂ ಸುಮಾರು 200 ಪುಸ್ತಕಗಳನ್ನು ತುಂಬಿಸಿಡಲಾಗಿತ್ತು. ಉದ್ದೇಶವೇನೋ ಒಳ್ಳೆಯದೇ. ಆದರೆ 319 ಶಾಲೆಗಳ ಅಧ್ಯಯನ 2012ರಲ್ಲಿ ಹೊರಬಂದಾಗ, ಈ ಮಕ್ಕಳು ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಇತರರಿಗಿಂತ ಮುಂದೆ ಹೋದದ್ದು ಕಾಣಲಿಲ್ಲ. ಯೋಚನಾಶಕ್ತಿ ಮಾತ್ರ ತುಸು ಬೆಳೆದಿತ್ತು.

ನಮ್ಮ ದೆಹಲಿಯಲ್ಲಿ 2015ರಲ್ಲಿ ನಡೆದದ್ದು ಬೇರೆ. 619 ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿ ಆರಿಸಿ, ಶಾಲೆ ಬಿಟ್ಟ ಮೇಲೆ ಪಾಠ ಹೇಳಲಾಯಿತು. 45 ನಿಮಿಷ ಕಂಪ್ಯೂಟರ್, 45 ನಿಮಿಷ ಸಣ್ಣ ಗುಂಪಿನಲ್ಲಿ ಪಾಠ. ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು. ಆದ್ದರಿಂದ ಕಂಪ್ಯೂಟರ್ ಮೊದಲು ಮಗು ಎಲ್ಲಿ ನಿಂತಿದೆಯೆಂದು ಪರೀಕ್ಷಿಸಿ, ಅಲ್ಲಿಂದಲೇ ಕಲಿಸುತ್ತಿತ್ತು. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಸ್ಪಷ್ಟವಾಗಿ ಮುಂದುವರಿದರು. ತೀರ ಹಿಂದುಳಿದವರೂ ಇತರರಷ್ಟೇ ಕಲಿತರು. ಚೀಟಿಯಲ್ಲಿ ಹೆಸರು ಬಾರದೆ ಶಾಲೆಯ ಪಾಠವನ್ನಷ್ಟೇ ಕೇಳಿದ ತೀರ ಹಿಂದುಳಿದ ಮಕ್ಕಳಾದರೋ ಇದ್ದಲ್ಲಿಯೇ ಉಳಿದರು.

ಈ ಕೊನೆಯ ಮಾತು ನಮ್ಮ ಮನಸ್ಸನ್ನು ಚುಚ್ಚಬೇಕು. ಆ ಮಕ್ಕಳು ದಿನವೂ ಶಾಲೆಗೆ ಹೋಗುತ್ತಾರೆ, ಹಾಜರಿ ಹೇಳುತ್ತಾರೆ, ಬೆಂಚಿನ ಮೇಲೆ ಕುಳಿತು ಬರುತ್ತಾರೆ. ಪಾಠ ಮಾತ್ರ ಅವರ ತಲೆಯ ಮೇಲಿಂದ ಹಾದುಹೋಗುತ್ತದೆ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ, ಒಂದೇ ಲ್ಯಾಪ್‌ಟಾಪ್ ಕೊಟ್ಟರೆ ನ್ಯಾಯವಾಯಿತೆಂದು ನಾವು ಭಾವಿಸುತ್ತೇವೆ. ಕೂಡಿಸಲು ಬಾರದ ಮಗುವಿಗೆ ಬೀಜಗಣಿತ ಕೊಡುವುದು ಸಮಾನತೆಯೆನಿಸಬಹುದು, ನ್ಯಾಯವೆನಿಸದು. ಪ್ರತಿಯೊಂದು ಮಗುವಿಗೂ ಅದು ನಿಂತಲ್ಲಿಂದ ಕಲಿಸುವುದೇ ನಿಜವಾದ ನ್ಯಾಯ.

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೆ ವಹಿಸಿಬಿಡೋಣವೇ? ಕೂಡದು. ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ತಪ್ಪನ್ನೂ ಹುಡುಕುವುದು ಒಬ್ಬ ಶಿಕ್ಷಕಿಗೆ ಕಷ್ಟ. ಅಲ್ಲಿ ಯಂತ್ರ ನೆರವಾಗಲಿ. ಆದರೆ ಮಗುವಿನ ಬಾಡಿದ ಮುಖ ನೋಡಿ "ಬೆಳಿಗ್ಗೆ ತಿಂಡಿ ತಿಂದೆಯಾ?" ಎಂದು ವಿಚಾರಿಸುವವರು ಶಿಕ್ಷಕರೇ. ಮಗುವಿನ ಹೊಣೆ ಹೊತ್ತವರು ಮನುಷ್ಯರು. ಯಂತ್ರವನ್ನು ಕೊಂಡ ಮಾತ್ರಕ್ಕೆ ಆ ಹೊಣೆ ಇಳಿಯುವುದಿಲ್ಲ.

ತಂದೆತಾಯಿಗಳೇ, ಮುಂದಿನ ಸಲ ಶಾಲೆಗೆ ಹೋದಾಗ ಎಷ್ಟು ಕಂಪ್ಯೂಟರ್‌ಗಳಿವೆಯೆಂದು ಕೇಳುವುದಕ್ಕೆ ಮೊದಲು, ಹಿಂದುಳಿದ ಮಕ್ಕಳಿಗಾಗಿ ಏನು ಮಾಡುತ್ತಿದ್ದೀರಿ ಎಂದು ಕೇಳಿ. ನಿಮ್ಮ ಮಗು ಜಾಣನಾಗಿದ್ದರೂ ಕೇಳಿ. ಸಂಜೆ ಮನೆಯಲ್ಲಿ "ಎಷ್ಟು ಮಾರ್ಕು ಬಂತು?" ಎನ್ನುವ ಬದಲು "ಇವತ್ತು ಯಾವುದು ಅರ್ಥವಾಗಲಿಲ್ಲ, ಮಗಾ?" ಎಂದು ಪಕ್ಕದಲ್ಲಿ ಕುಳಿತು ವಿಚಾರಿಸಿ. ಅದಕ್ಕೆ ಕರೆಂಟೂ ಬೇಡ, ಕಾಸೂ ಬೇಡ.