ಆಪದ್ಧರ್ಮದ ಮೇರೆ

ಆಪತ್ಕಾಲದಲ್ಲಿ ಧರ್ಮದ ಕಟ್ಟು ಸಡಿಲವಾಗಬಹುದೆಂದು ನಮ್ಮ ಶಾಸ್ತ್ರಕಾರರು ಒಪ್ಪಿರುವರು. ಎಷ್ಟು ಸಡಿಲವಾಗಬಹುದು, ಆ ಮೇರೆಯನ್ನು ಗೊತ್ತುಮಾಡತಕ್ಕವರು ಯಾರು ಎಂಬುದೇ ಕಷ್ಟವಾದ ಪ್ರಶ್ನೆ. ಪಾಠಶಾಲೆಯಲ್ಲಿ ಓದುವಾಗಲೂ, ಮುಂದೆ ಬಹುಕಾಲ ಹುಡುಗರಿಗೆ ಹೇಳಿಕೊಡುವಾಗಲೂ ಇದು ನನಗೆ ಪುಸ್ತಕದ ಪ್ರಶ್ನೆಯಾಗಿಯೇ ಇದ್ದಿತು. 2015ನೆಯ ಇಸವಿಯ ಡಿಸೆಂಬರಿನಲ್ಲಿ, ಚೆನ್ನೈ ನಗರದ ಕೋಟ್ಟೂರುಪುರದಲ್ಲಿ ಮಗಳ ಮನೆಯಲ್ಲಿದ್ದಾಗ, ಅದು ಬಾಗಿಲಿಗೇ ಬಂದಿತು.

ಆ ವರ್ಷ ನವೆಂಬರ್ ತಿಂಗಳೊಂದರಲ್ಲಿಯೇ ಆ ಊರಿಗೆ ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬಿದ್ದು ಕೆರೆಗಳೆಲ್ಲ ತುಂಬಿ ನಿಂತಿದ್ದುವು. ಡಿಸೆಂಬರ್ 1ರಂದು ಮತ್ತೆ ಹಿಡಿದ ಮಳೆಯು ತಾಂಬರದಲ್ಲಿ ಒಂದೇ ಹಗಲಿರುಳಿಗೆ 49 ಸೆಂಟಿಮೀಟರಿನಷ್ಟಾಯಿತು. ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿಯವರೆಗೆ ನೀರು ಬಿಟ್ಟರು. ಅಡ್ಯಾರು ನದಿಯು ದಡಮೀರಿ, ರಾತ್ರಿ ಕಳೆಯುವುದರೊಳಗೆ ನಮ್ಮ ಕೆಳಮನೆಯ ಕಿಟಕಿಗಳನ್ನು ಮುಟ್ಟಿತು. ನೀರನ್ನು ಇನ್ನೂ ಮೊದಲೇ ಬಿಡಬೇಕಾಗಿತ್ತೆಂಬ ವಾದವು ಆಮೇಲೆ ಬಹಳ ನಡೆಯಿತು. ಅದು ಬೇರೆಯ ವಿಷಯ. ನಾವಿದ್ದುದು ಎರಡನೆಯ ಅಂತಸ್ತು. ದೀಪವಿಲ್ಲ, ಟೆಲಿಫೋನಿಲ್ಲ; ವಿದ್ಯುತ್ತಿಲ್ಲದ ಮೇಲೆ ಮಾಳಿಗೆಯ ತೊಟ್ಟಿಗೆ ನೀರೇರುವ ಬಗೆಯೂ ಇಲ್ಲ. ಸುತ್ತಲೂ ನೀರು, ಕುಡಿಯುವುದಕ್ಕೆ ಮಾತ್ರ 20 ಲೀಟರಿನ ಎರಡು ಕ್ಯಾನುಗಳು. ಮನೆಯಲ್ಲಿ ನಾನು, ಮಗಳು, ಎರಡು ವರ್ಷದ ಮೊಮ್ಮಗಳು. ಅಳಿಯನು ಕೆಲಸದ ಸ್ಥಳದಲ್ಲಿಯೇ ಸಿಕ್ಕಿಬಿದ್ದಿದ್ದನು.

ಮರುದಿನ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಪಕ್ಕದಲ್ಲಿ ಕಟ್ಟುತ್ತಿದ್ದ ಕಟ್ಟಡದ ಕೂಲಿಯವನು. ಹೆಂಡತಿ ಮಕ್ಕಳೊಡನೆ ನಮ್ಮ ಮೆಟ್ಟಿಲುಗಳ ಮೇಲೆ ಬಂದು ಕುಳಿತಿದ್ದನು. ಕೈಯಲ್ಲಿ ಒಂದು ಚೊಂಬು. ಮಗಳು ಒಳಗೆ ಮಗುವನ್ನು ಮಲಗಿಸುತ್ತಿದ್ದಳು. ನಾನು ನನಗೆ ಬರುವ ಹರಕು ತಮಿಳಿನಲ್ಲಿ ‘ತಣ್ಣಿ ಇಲ್ಲೆ’ ಎಂದು ಹೇಳಿ ಬಾಗಿಲು ಹಾಕಿದೆನು. ಇದು ಆಪದ್ಧರ್ಮವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು.

ಆ ಮಾತೇ ನನ್ನನ್ನು ಹಿಡಿಯಿತು. ಛಾಂದೋಗ್ಯದ ಉಷಸ್ತಿಯ ಕಥೆಯನ್ನು ಎಷ್ಟು ಸಲ ಪಾಠ ಹೇಳಿದ್ದೆನೋ! ಕುರುದೇಶದ ಬೆಳೆಯು ಕಲ್ಮಳೆಯಿಂದ ಹಾಳಾಗಿರಲು (ಮಿಡತೆಗಳಿಂದ ಎಂದು ಅರ್ಥ ಹೇಳುವವರೂ ಉಂಟು), ಹಸಿದ ಉಷಸ್ತಿಯು ಮಾವುತನೊಬ್ಬನು ತಿನ್ನುತ್ತಿದ್ದ ಕಾಳನ್ನೇ ಬೇಡಿ ತೆಗೆದುಕೊಂಡನು. ನೀರನ್ನೂ ಕೊಡಬಂದಾಗ, ಅದು ಎಂಜಲು, ಒಲ್ಲೆನೆಂದನು. ಕಾಳು ಎಂಜಲಲ್ಲವೇ ಎಂದು ಮಾವುತನು ಕೇಳಲು, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕೆಂದಲ್ಲಿ ದೊರೆಯುವುದು ಎಂದು ಉತ್ತರವಿತ್ತನು. ಪ್ರಾಣಕ್ಕೆ ಬೇಕಾದಷ್ಟಕ್ಕೆ ಮಾತ್ರ ವಿನಾಯಿತಿ ಎಂದು ನಾನು ಹುಡುಗರಿಗೆ ಸಾರಾಂಶ ಬರೆಯಿಸುತ್ತಿದ್ದೆನು.

ಆದರೆ ಎಷ್ಟು ಬೇಕೆಂಬುದನ್ನು ಕತ್ತಲೆಯಲ್ಲಿ ಕುಳಿತವನು ಅಳೆಯುವುದೆಂತು? ನೆರೆ ಎರಡು ದಿನ ನಿಲ್ಲುವುದೋ, ಹತ್ತು ದಿನವೋ? ಕೂಸಿನ ಪಾಲನ್ನು ಮೊದಲು ಕಾಯುವುದು ಗೃಹಸ್ಥನ ಧರ್ಮವೆಂಬುದನ್ನೂ ಅಲ್ಲಗಳೆಯಲಾಗದು. ಈ ವಾದವನ್ನು ನಾನು ನನ್ನೊಳಗೇ ಚೆನ್ನಾಗಿ ನಡೆಸಿದೆನು, ಗೆಲ್ಲುತ್ತಲೂ ಇದ್ದೆನು. ಆಗ ಹೊಳೆದುದು ಮಾವುತನ ಪ್ರಶ್ನೆ. ಇಷ್ಟು ವರ್ಷ ಅದನ್ನು ಉಷಸ್ತಿಯ ಉತ್ತರಕ್ಕೆ ಪೀಠಿಕೆಯೆಂದು ಮಾತ್ರ ತಿಳಿದಿದ್ದೆನು. ಉಷಸ್ತಿಯು ಎದುರಿಗೆ ನಿಂತವನ ಮುಂದೆಯೇ ತೆಗೆದುಕೊಂಡನು, ಅವನು ಕೇಳಿದುದಕ್ಕೆ ಕಾರಣ ಹೇಳಿದನು. ನಾನೋ, ಯಾರೂ ಕೇಳದಂತೆ ಬಾಗಿಲು ಹಾಕಿದ್ದೆನು. ‘ಇಷ್ಟೇ ಇದೆ, ಮನೆಯಲ್ಲಿ ಮಗುವಿದೆ’ ಎಂದಿದ್ದರೆ ಕೊಡದಿದ್ದರೂ ಧರ್ಮದ ಒಳಗೇ ಇರುತ್ತಿದ್ದೆನೇನೋ. ‘ಇಲ್ಲ’ ಎಂದ ಮೇಲೆ ಯಾವ ಶಾಸ್ತ್ರವೂ ಒದಗುವಂತಿರಲಿಲ್ಲ.

ಮಗಳಿಗೆ ಹೇಳಿದೆನು. ಅವಳು ಏನೂ ಅನ್ನದೆ ಹೂಜಿಗೆ ನೀರು ಬಗ್ಗಿಸಿ ನನ್ನ ಕೈಗೇ ಕೊಟ್ಟಳು. ಮೆಟ್ಟಿಲಿನಲ್ಲಿ ಹೆಂಗಸು, ಮಕ್ಕಳು ಮಾತ್ರ ಇದ್ದರು. ಅವನು ಮಾಳಿಗೆಯ ಮೇಲೆ ಸಿಮೆಂಟಿನ ಖಾಲಿ ಚೀಲಗಳನ್ನು ಹರಡಿ, ಬೀಳುವ ಹನಿಯನ್ನು ಚೊಂಬಿಗೆ ಹಿಡಿಯುತ್ತಿದ್ದನು. ನಾನು ಬಗ್ಗಿಸತೊಡಗಿದೆನು. ಚೊಂಬು ಅರ್ಧವಾಗುತ್ತಲೇ ಅವನು ಅಂಗೈ ಅಡ್ಡ ಹಿಡಿದು, ಸಾಕು ಸಾರ್, ನಿಮ್ಮ ಮಗುವಿಗೆ ಬೇಕಲ್ಲ ಎಂದು ತಮಿಳಿನಲ್ಲಿ ಹೇಳಿದನು. ಬಾಗಿಲ ಬಳಿ ನಿಂತಿದ್ದಾಗ ಒಳಗಿನ ಅಳು ಅವನಿಗೆ ಕೇಳಿಸಿದ್ದಿರಬೇಕು.